ಎರಡೂವರೆ ಇಂಚು

ಶನಿವಾರ ಬೆಳಗ್ಗೆ ಸ್ನಾನಕ್ಕೆ ಕುಳಿತಾಗಲೂ ಸಾಬಣ್ಣನ ಕಣ್ಣ ಮುಂದೆ ಆ ಎರಡೂವರೆ ಇಂಚೇ ಇತ್ತು. ಸವೆದ ಸಾಬೂನಿನ ತುಂಡು ಎರಡೂವರೆ ಇಂಚು, ಗೋಡೆಯ ಬಿರುಕಿಗೂ ನಲ್ಲಿಗೂ ನಡುವಿನ ಜಾಗ ಎರಡೂವರೆ ಇಂಚು, ಹೆಬ್ಬೆರಳು ತೋರುಬೆರಳು ಸುಮ್ಮನೆ ಬಿಡಿಸಿ ಹಿಡಿದರೆ ನಡುವೆ ನಿಲ್ಲುವುದೂ ಸರಿಯಾಗಿ ಅಷ್ಟೇ. ಅಳತೆಪಟ್ಟಿ ಇಲ್ಲದೆ ಇಂಚು ಹೇಳುತ್ತದೆ ಎಂದು ಸನತ್‌ನಗರದ ಫೌಂಡ್ರಿಯಲ್ಲಿ ಮೂವತ್ತೆರಡು ವರ್ಷ ಹೆಸರು ಮಾಡಿದ ಕಣ್ಣು ಅದು. ಈಗ ಅದೇ ಶತ್ರುವಾಗಿ ಕುಳಿತಿತ್ತು. ಇಪ್ಪತ್ತು ಅಡಿ ಇರಬೇಕಾದ ಸೇತುವೆ ಎರಡೂವರೆ ಇಂಚು ಹೆಚ್ಚಾಗಿತ್ತು. ನಿಜವಾದ ಸೇತುವೆಯೇನೂ ಅಲ್ಲ, ಮಾದರಿ ರೈಲು ಓಡುವ ಕಟ್ಟಿಗೆಯ ಸೇತುವೆ. ಇಪ್ಪತ್ತು ಕಮಾನು, ಮೊಣಕಾಲೆತ್ತರದ ಕಂಬಗಳು. ಆಟದ್ದಾದರೇನಂತೆ, ಹೆಚ್ಚಾದದ್ದು ಹೆಚ್ಚೇ. ಆ ಹೆಚ್ಚಿನ ಲೆಕ್ಕಕ್ಕೆ ಮಾದಾಪುರದ ಗಾಜಿನ ಕಟ್ಟಡದಲ್ಲಿ ಒಬ್ಬ ಹುಡುಗಿಯ ಕೆಲಸ ಹೋಗುವುದರಲ್ಲಿತ್ತು. ತಪ್ಪು ಅವಳದಲ್ಲ ಎಂದು ಇಡೀ ಹೈದರಾಬಾದಿನಲ್ಲಿ ಬಲ್ಲವನು ಒಬ್ಬನೇ, ಅವನು ಹೀಗೆ ಬಚ್ಚಲಿನಲ್ಲಿ ಖಾಲಿ ಚೊಂಬು ಹಿಡಿದುಕೊಂಡು ಕುಳಿತಿದ್ದ.

‘ನೀರು ಮುಗುದು ಎಷ್ಟೊತ್ತಾತು, ಒಳಗ ಏನ್ ಮಾಡಾಕತ್ತೀರಿ?’ ಹೊರಗಿನಿಂದ ಹೆಂಡತಿ ಶಿವದೇವಿ ಕೇಳಿದಳು.

‘ಬಂದೆ.’

ಬಂದು ಅಂಗಿ ತೊಟ್ಟ. ದೇವರ ಜಗಲಿಯ ಮೇಲೆ ಮೌನೇಶ್ವರನ ಪಟದ ಹಿಂದೆ ಸಿಕ್ಕಿಸಿದ್ದ ಚೀಟಿ ತೆಗೆದು, ನಾಲ್ಕು ಮಡಿಕೆ ಮಾಡಿ, ಎದೆಯ ಜೇಬಿನಲ್ಲಿ ಕನ್ನಡಕದ ಡಬ್ಬಿಯ ಹಿಂದೆ ಇಟ್ಟುಕೊಂಡ. ಅದು ಆ ಹುಡುಗಿ, ಕೃಪಾ, ತನ್ನ ಕೈಯಾರೆ ಬರೆದುಕೊಟ್ಟ ಅಳತೆಗಳ ಚೀಟಿ. ನೂರಾ ನಲವತ್ತಾರು ಅಳತೆ, ಒಂದರಲ್ಲೂ ತಪ್ಪಿಲ್ಲ. ಇದನ್ನು ಇವತ್ತು ಅವಳ ಮೇಲಧಿಕಾರಿ ಗಗನನ ಮೇಜಿನ ಮೇಲೆ ಇಟ್ಟರೆ ಅವಳು ಉಳಿಯುತ್ತಾಳೆ, ಇಡದಿದ್ದರೆ ಹೋಗುತ್ತಾಳೆ. ಇದಕ್ಕಿಂತ ಸರಳವಾದ ಸಂಗತಿ ಲೋಕದಲ್ಲಿ ಇರಲಾರದು. ಆದರೂ ತಟ್ಟೆಯ ರೊಟ್ಟಿಯನ್ನು ಅರ್ಧಕ್ಕೇ ಬಿಟ್ಟ.

‘ಆ ಹುಡುಗಿ ಆರಾಮ ಐತೇನ್ರಿ? ಮತ್ತೊಮ್ಮಿ ಕರ್ಕೊಂಡು ಬರ್ರಿ. ಉಡುಪಿ ಕಡಿ ಮಂದಿ ರೊಟ್ಟಿ ತಿನ್ನಂಗಿಲ್ಲ ಅಂತಿದ್ರು, ಆಕಿ ಮೂರು ತಿಂದ್ಲು ನೋಡ್ರಿ,’ ಎಂದಳು ಶಿವದೇವಿ. ಸಾಬಣ್ಣ ಹೂಂ ಎಂದ.

ನಾಲ್ಕು ತಿಂಗಳ ಹಿಂದಿನ ಭಾನುವಾರ ಅದು. ಕಂಪನಿಯ ನಕ್ಷೆ ಹಿಡಿದುಕೊಂಡು ಕೃಪಾ ಈ ಮನೆಗೆ ಬಂದಿದ್ದಳು. ಕಂಪ್ಯೂಟರಿನಿಂದ ತೆಗೆದ ನಕ್ಷೆ, ಎಲ್ಲ ಮಿಲಿಮೀಟರಿನಲ್ಲಿ. ರೈಲು ಸಿಗ್ನಲುಗಳ ಸಾಫ್ಟ್‌ವೇರ್ ಮಾಡುವ ಕಂಪನಿ, ಗಿರಾಕಿಗಳು ಬಂದಾಗ ಓಡಿಸಿ ತೋರಿಸಲು ಒಂದು ಮಾದರಿ ರೈಲುದಾರಿ ಬೇಕಾಗಿತ್ತು. ಹಳಿ ಹಾಸುವ ಕೆಲಸ ಕೃಪಾಳದು, ಸೇತುವೆ ಸಾಬಣ್ಣನದು. ‘ನಂಗ ಇಂಚಿನ್ಯಾಗ ಹೇಳ್ರಿ ಯವ್ವಾ, ಮಿಲಿಮೀಟರು ಕಣ್ಣಿಗಿ ಹತ್ತಂಗಿಲ್ಲ,’ ಎಂದಿದ್ದ ಅವನು, ಸ್ವಲ್ಪ ಜಂಬದಿಂದಲೇ. ಅದಕ್ಕೇನಂತೆ ಅಂಕಲ್, ನಾನು ಮಾಡಿ ಕೊಡ್ತೇನೆ ಎಂದು ಅವಳು ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು ಕ್ಯಾಲ್ಕುಲೇಟರ್ ತೆಗೆದಳು. ಮೂರು ತಾಸು ಕುಳಿತಳು. ಒಂದು ಅಳತೆ ಬರೆಯುವುದು, ಅದನ್ನೇ ತಿರುಗಿಸಿ ಇಂಚಿನಿಂದ ಮಿಲಿಮೀಟರಿಗೆ ತಂದು ನೋಡುವುದು, ಸರಿ ಬಂದರೆ ಮುಂದಿನದು. ಶಿವದೇವಿ ಎರಡು ಸಲ ಬಂದು ರೊಟ್ಟಿ ಆರುತ್ತವೆ ಎಂದು ಗೊಣಗಿದಳು, ಇನ್ನೊಂದೇ ಸಾಲು ಆಂಟಿ ಎಂದು ಹುಡುಗಿ ತಲೆ ಎತ್ತಲಿಲ್ಲ. ಹೆಸರಿಗೆ ಸಾಫ್ಟ್‌ವೇರ್ ಇಂಜಿನಿಯರು, ಕುಳಿತ ಭಂಗಿ ಮಾತ್ರ ಫೌಂಡ್ರಿಯ ಒಳ್ಳೆ ಕೆಲಸಗಾರನದು ಎಂದು ಅವತ್ತು ಸಾಬಣ್ಣನಿಗೆ ಅನ್ನಿಸಿತ್ತು, ಮತ್ತು ಹಾಗೆ ಅನ್ನಿಸಿದ್ದಕ್ಕೆ ಖುಷಿಯೂ ಆಗಿತ್ತು. ಅವಳು ಹೀಗೆ ಇಂಚಿಗೆ ತಿರುಗಿಸಿ ಕೊಟ್ಟದ್ದು ತನ್ನ ಅನುಕೂಲಕ್ಕೆ, ತನ್ನೊಬ್ಬನ ಅನುಕೂಲಕ್ಕೆ. ಮೇಲಿನವರ ಅಪ್ಪಣೆ ಕೇಳಿರಲಿಲ್ಲ. ಅದೇ ಈಗ ಅವಳ ಕೊರಳಿಗೆ ಬಂದಿತ್ತು.

ಚೀಲದಲ್ಲಿ ಉಳಿ, ಸಣ್ಣ ಗರಗಸ, ಅರ, ಮರಳುಕಾಗದ ಹಾಕಿಕೊಂಡ. ಎರಡು ಉಕ್ಕಿನ ಅಳತೆಪಟ್ಟಿಗಳಲ್ಲಿ ಒಂದನ್ನು ಹಾಕಿಕೊಂಡ, ಇನ್ನೊಂದನ್ನು ಮುಟ್ಟಲಿಲ್ಲ. ನೋಡುವುದಕ್ಕೆ ಎರಡೂ ಒಂದೇ, ಅವಳಿ ಮಕ್ಕಳ ಹಾಗೆ. ಆದರೆ ಮುಟ್ಟದೆ ಬಿಟ್ಟದ್ದು ಎರಕದ ಸ್ಕೇಲು. ಕಾದ ಕಬ್ಬಿಣ ತಣ್ಣಗಾದಾಗ ಕುಗ್ಗುತ್ತದೆ, ಅಡಿಗೆ ಒಂದು ನೂಲು, ಅಂದರೆ ಇಂಚಿನ ಎಂಟನೆಯ ಒಂದು ಪಾಲು. ಹಾಗಾಗಿ ಎರಕಕ್ಕೆಂದು ಕಟ್ಟಿಗೆಯಲ್ಲಿ ಮಾದರಿ ಮಾಡುವವನು ಅಷ್ಟನ್ನು ಮುಂಚೆಯೇ ಕೂಡಿಸಿ ಮಾಡಬೇಕು. ಪ್ರತಿಸಲ ಲೆಕ್ಕ ಹಾಕುವ ತಲೆನೋವು ಬೇಡವೆಂದು ಆ ಸ್ಕೇಲಿನ ಅಡಿಯನ್ನೇ ಒಂದು ನೂಲು ಹಿಗ್ಗಿಸಿ ಗೆರೆ ಕೊರೆದಿರುತ್ತಾರೆ. ಮೂವತ್ತೆರಡು ವರ್ಷ ಸಾಬಣ್ಣನ ಕೈ ಹಿಡಿದದ್ದು ಅದನ್ನೇ. ಅಡಿಗೆ ಒಂದು ನೂಲಿನ ಹಾಗೆ ಇಪ್ಪತ್ತು ಅಡಿಗೆ ಇಪ್ಪತ್ತು ನೂಲು, ಎರಡೂವರೆ ಇಂಚು. ಕುಗ್ಗಬೇಕಾದ ಕಬ್ಬಿಣ ಎಲ್ಲಿಯೂ ಇರಲಿಲ್ಲ, ಬರೀ ಕಟ್ಟಿಗೆ ಇತ್ತು. ಕಟ್ಟಿಗೆ ಮಾಡಿದಷ್ಟೇ ಉಳಿಯಿತು.

ಸೆವೆನ್ ಸೀಟರ್ ಆಟೋದಲ್ಲಿ ಹನ್ನೊಂದು ಜನರ ನಡುವೆ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಅವನು ಎರ‍್ರಗಡ್ಡಾ ದಾಟಿದ. ಎದುರು ಕುಳಿತ ಹುಡುಗರ ಕೊರಳಲ್ಲಿ ಕಂಪನಿಗಳ ಪಟ್ಟಿ, ಅದರ ತುದಿಯಲ್ಲಿ ನಗುವ ಫೋಟೋ. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ತಾನೂ ಇವರ ಹಾಗೆಯೇ ಹೊಸ ಅಂಗಿ ತೊಟ್ಟು, ಸುರಪುರದಿಂದ ಬಂದ ಟ್ರಂಕು ಇನ್ನೂ ಬಿಚ್ಚದೆ ಫೌಂಡ್ರಿಗೆ ಹೋಗಿದ್ದ. ಮೂರನೆಯ ವಾರದಲ್ಲಿ ಉಸ್ತಾದ ಖಾಜಾಮಿಯಾ ಒಂದು ಸ್ಟೂಲು ಮಾಡು ಎಂದು ಹೇಳಿದರು, ಬರೀ ಕುಳಿತುಕೊಳ್ಳುವ ಸ್ಟೂಲು. ಮಾಡಿ ತಂದಿಟ್ಟ. ಉಸ್ತಾದರು ಅದಕ್ಕೆ ಪಟ್ಟಿ ಹಿಡಿದು ನೋಡಿದರು, ಅವನ ಕೈಯಲ್ಲಿದ್ದ ಎರಕದ ಸ್ಕೇಲು ನೋಡಿದರು, ಆಮೇಲೆ ಕಪಾಳಕ್ಕೆ ಬಾರಿಸಿದರು. ‘ಲಕ್ಡೀ ಕೂ ಲೋಹೆ ಕಾ ಗಜ ಲಗಾತಾ ಕ್ಯಾ ರೇ?’ ಹನ್ನೆರಡು ಜನ ನಕ್ಕರು. ಕಟ್ಟಿಗೆಗೆ ಕಬ್ಬಿಣದ ಅಳತೆ ಹಿಡಿಯುವವನು ಎಂದು ಒಂದು ವರ್ಷ ಅವನನ್ನು ಕಾಡಿಸಿದರು. ಆಮೇಲೆ ಅವನೇ ಉಸ್ತಾದನಾದ, ಅವನೂ ಹೊಸಬರನ್ನು ಅದೇ ತಪ್ಪಿಗೆ ಬೈದ. ಜೀಡಿಮೆಟ್ಲಾದ ಔಷಧ ಕಾರ್ಖಾನೆಗಳ ಪಂಪುಗಳಿಗೆ ಮಾದರಿ ಬೇಕಾದರೆ ಸಾಬಣ್ಣನೇ ಆಗಬೇಕು ಎನ್ನುವ ಕಾಲ ಬಂತು. ಹೋಯಿತು. ಮೂರು ವರ್ಷದ ಹಿಂದೆ ಫೌಂಡ್ರಿಗೆ ಬೀಗ ಬಿತ್ತು, ಅವನು ಕೂಕಟ್‌ಪಲ್ಲಿಯ ಹೊಸ ಫ್ಲ್ಯಾಟುಗಳಲ್ಲಿ ಅಡುಗೆಮನೆಯ ಕಪಾಟಿಗೆ ಬಾಗಿಲು ಕೂಡಿಸುತ್ತ ‘ಏ ಕಾರ್ಪೆಂಟರ್’ ಆದ. ಒಮ್ಮೆ ಒಬ್ಬ ಗೃಹಿಣಿ ಅವನ ಕಣ್ಣೆದುರೇ ಪಕ್ಕದವಳಿಗೆ, ಈ ಮುದುಕನಿಗೆ ಸರಿಯಾಗಿ ಸ್ಕ್ರೂ ಬಿಗಿಯಲು ಬರುವುದಿಲ್ಲ ಎಂದು ತೆಲುಗಿನಲ್ಲಿ ಹೇಳಿದಳು. ಅವನಿಗೆ ತೆಲುಗು ಬರುವುದಿಲ್ಲ ಎಂದು ಅವಳು ತಿಳಿದಿದ್ದಳು. ಬರುವುದಿಲ್ಲ ಎನ್ನುವ ಹಾಗೆಯೇ ಅವನೂ ನಿಂತಿದ್ದ.

ಆಮೇಲೆ ಈ ಸೇತುವೆ ಬಂತು. ಕನ್ನಡ ಸಂಘದ ಯುಗಾದಿ ಊಟದಲ್ಲಿ ಪಕ್ಕದ ಎಲೆಗೆ ಕುಳಿತ ಮೈಸೂರಿನ ಹುಡುಗ ಗಗನ, ಕೃಪಾಳ ಮೇಲಧಿಕಾರಿ, ಮಾತಿಗೆ ಮಾತು ಬಂದು, ನೀವು ಮಾಡಿಕೊಡ್ತೀರಾ ಮಾಸ್ಟರ್ ಎಂದು ಕೇಳಿದ. ಮಾಸ್ಟರ್ ಎಂಬ ಆ ಒಂದು ಮಾತಿಗೆ ಸಾಬಣ್ಣ ಸೋತುಹೋದ. ನಾಲ್ಕು ತಿಂಗಳು ಮನೆಯ ಮುಂದಿನ ಕೋಣೆ ಕಟ್ಟಿಗೆಯ ಹೊಟ್ಟಿನಿಂದ ತುಂಬಿತು, ಶಿವದೇವಿ ಬೈಯುವುದನ್ನೂ ಬಿಟ್ಟಳು. ಎರಕದ ಮಾದರಿ ಮರಳಿನಿಂದ ಸಲೀಸಾಗಿ ಎದ್ದು ಬರಲೆಂದು ಬುಡದಿಂದ ತುದಿಗೆ ಸಣ್ಣಗೆ ಇಳಿಸುತ್ತಾರಲ್ಲ, ಅದೇ ಇಳಿವು ಅವನ ಕೈಯಿಂದ ಕಂಬಗಳಿಗೆ ತಾನಾಗಿ ಬಂತು. ನೋಡಿದವರು ನಿಜವಾದ ಕಲ್ಲುಕಂಬಗಳ ಹಾಗೆಯೇ ನೆಲಕ್ಕೆ ಊರಿ ನಿಂತಿವೆ ಎಂದರು. ಕಮಾನಿನ ಕಲ್ಲು ಒಂದೊಂದನ್ನೂ ಸೂಜಿಮೊನೆಯಿಂದ ಗೀರಿ ತೆಗೆದ. ರೈಲು ಬಂದಾಗ ಹಳಿಯ ಮೇಲಿನ ಆಳುಗಳು ಸರಿದು ನಿಲ್ಲಲು ಸೇತುವೆಯ ಗೋಡೆಯಲ್ಲಿ ಸಣ್ಣ ಗೂಡುಗಳಿರುತ್ತವೆ ಎಂದು ಕೃಪಾ ಹೇಳಿದ್ದಕ್ಕೆ ಅವನ್ನೂ ಕೊರೆದ. ಮೂವತ್ತೆರಡು ವರ್ಷ ಅವನು ಮಾಡಿದ್ದೆಲ್ಲ ಮರಳಿನಲ್ಲಿ ಹೂತು, ಎರಕವಾದ ಮೇಲೆ ಮೂಲೆ ಸೇರುವಂಥದ್ದು. ಜನರ ಕಣ್ಣಿಗೆ ಬೀಳುವುದು ಇದೊಂದೇ. ಆ ಉಮೇದಿನಲ್ಲಿ ಮೊದಲ ದಿನ, ಮೊದಲ ಹಲಗೆಗೆ, ಕೈ ತಾನಾಗಿ ಹೋಗಿ ಎರಕದ ಸ್ಕೇಲು ಎತ್ತಿತು. ಎತ್ತಿದ್ದು ಅವನಿಗೆ ಗೊತ್ತೇ ಆಗಲಿಲ್ಲ. ಕೋಣೆ ಹತ್ತು ಅಡಿಯದು, ಸೇತುವೆಯನ್ನು ಐದು ತುಂಡಾಗಿ ಮಾಡಿದ, ಐದನ್ನೂ ಒಟ್ಟಿಗೆ ಜೋಡಿಸಿ ನೋಡಲು ಜಾಗವಿರಲಿಲ್ಲ. ತುಂಡಿಗೆ ಅರ್ಧ ಇಂಚು ಹೆಚ್ಚಾದರೆ ಯಾವ ಕಣ್ಣಿಗೆ ಕಾಣುತ್ತದೆ? ಇಂಥ ಕಣ್ಣಿಗೆ ಕಾಣಬೇಕಿತ್ತು. ಕಾಣಲಿಲ್ಲ.

ನಿನ್ನೆ, ಶುಕ್ರವಾರ, ಕಂಪನಿಯ ಮುಂಗೋಣೆಯಲ್ಲಿ ಜೋಡಿಸುವಾಗ ನಾಲ್ಕು ತುಂಡು ಕುಳಿತವು. ಐದನೆಯದು ಆ ಕಡೆಯ ಹಲಗೆಯ ಮೇಲೆ, ಕೃಪಾ ಹಾಸಿದ ಹಳಿಯ ಮೇಲೇರಿ ನಿಂತಿತು. ‘ಇದೇನ್ ಮಾಸ್ಟರ್, ಸೇತುವೆ ದಾರೀಲಿ ಬೆಳೆದುಬಿಡ್ತಾ?’ ಎಂದ ಗಗನ. ಎಲ್ಲರೂ ನಕ್ಕರು, ಸಾಬಣ್ಣನೂ ನಕ್ಕ. ನಗುತ್ತಲೇ ಅವನ ಕಣ್ಣು ಆ ಹೆಚ್ಚಿನ ಭಾಗವನ್ನು ಅಳೆಯಿತು, ಎರಡೂವರೆ ಎಂದಿತು, ಇಪ್ಪತ್ತು ನೂಲು ಎಂದಿತು. ಅಷ್ಟರಲ್ಲಿ ಗಗನ ಟೇಪು ತಂದ. ಒಂದೊಂದು ಕಮಾನನ್ನೂ ಅಳೆದ. ಅಳೆಯುತ್ತ ಹೋದ ಹಾಗೆ ಅವನ ಮುಖ ಗಂಭೀರವಾಯಿತು.

‘ಪ್ರತಿ ಕಮಾನೂ ಒಂದೇ ಸಮ ದೊಡ್ಡದಾಗಿದೆ. ಕೈ ತಪ್ಪಿದ್ರೆ ಒಂದ್ಕಡೆ ಜಾಸ್ತಿ, ಒಂದ್ಕಡೆ ಕಮ್ಮಿ ಆಗತ್ತೆ. ಇದು ಕೈ ತಪ್ಪಲ್ಲ, ಲೆಕ್ಕದ ತಪ್ಪು,’ ಎಂದು ಅವನು ಕೃಪಾಳ ಕಡೆ ತಿರುಗಿದ. ‘ಇಂಚಿಗೆ ಕನ್ವರ್ಟ್ ಮಾಡಿದ್ದು ಯಾರು?’

‘ನಾನು ಸರ್.’

‘ಯಾರನ್ನ ಕೇಳಿ ಮಾಡಿದ್ರಿ?’

ಕೃಪಾಳ ಬೆರಳ ತುದಿಗಳಲ್ಲಿ ಬೆಸುಗೆಯ ಕಬ್ಬಿಣ ತಾಗಿದ ಸುಟ್ಟ ಕಲೆಗಳಿದ್ದವು, ಆ ಬೆರಳುಗಳನ್ನು ಮುಷ್ಟಿಯೊಳಗೆ ಅಡಗಿಸಿಕೊಂಡಳು. ‘ಸರಿಯಾಗಿಯೇ ಬರೆದಿದ್ದೆ ಅಂತ ನನ್ನ ನೆನಪು ಸರ್,’ ಎಂದಳು. ನೆನಪು ಎಂಬ ಮಾತೇ ಅವಳನ್ನು ಕೆಡಿಸಿತು. ನಕಲು ಇಟ್ಟುಕೊಂಡಿರಲಿಲ್ಲ. ಗಗನ ಸಾಬಣ್ಣನನ್ನು ಕೇಳಿದ, ‘ಆ ಚೀಟೀಲಿ ಏನಿತ್ತು ಮಾಸ್ಟರ್?’ ಆಗ ಹೇಳಬಹುದಾಗಿತ್ತು. ಚೀಟಿಯದು ತಪ್ಪಿಲ್ಲ, ಸ್ಕೇಲಿನದು ಎಂದು ನಾಲ್ಕು ಮಾತು. ಸಾಬಣ್ಣ, ‘ನೋಡಬೇಕ್ರಿ, ಮನ್ಯಾಗ ಐತಿ,’ ಎಂದ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಆ ಒಂದು ಮಾತಿನಿಂದ ಅಲ್ಲಿ ನಿಂತವರ ಕಣ್ಣುಗಳೆಲ್ಲ ಒಮ್ಮೆಗೇ ಹುಡುಗಿಯ ಕಡೆ ಹೊರಳಿದ್ದನ್ನು ಅವನು ಕಂಡ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದು ಅಂದರೆ ಇದೇ. ವ್ಯತ್ಯಾಸ ಇಷ್ಟೇ, ಇಲ್ಲಿ ಎತ್ತು ಪಕ್ಕದಲ್ಲೇ ನಿಂತು ನೋಡುತ್ತಿತ್ತು. ‘ನಾಳೆ ಚೀಟಿ ತನ್ನಿ ಮಾಸ್ಟರ್,’ ಎಂದಿದ್ದ ಗಗನ ಅವನನ್ನು ಬಾಗಿಲವರೆಗೆ ಕಳಿಸುತ್ತ. ‘ಸೋಮವಾರ ಗಿರಾಕಿಗಳು ಬರ್ತಾರೆ. ಅವತ್ತೇ ಇವಳ ಆರು ತಿಂಗಳ ಪ್ರೊಬೇಷನ್ನೂ ಮುಗಿಯತ್ತೆ. ಕನ್‌ಫರ್ಮ್ ಮಾಡೋದೋ ಬಿಡೋದೋ ನಾನು ನಾಳೆ ಬರೆದು ಕೊಡ್ಬೇಕು.’

ಗೇಟಿನಲ್ಲಿ ಕಾವಲಿನವನು ಚೀಲ ತೆರೆಸಿದ. ಪ್ರತಿಸಲ ತೆರೆಸುತ್ತಿದ್ದ. ಉಳಿಗಳನ್ನು ಒಂದೊಂದಾಗಿ ಮೇಜಿನ ಮೇಲಿಟ್ಟು, ‘ಯೇ ಸಬ್ ಅಂದರ್ ನಕ್ಕೋ ಚಾಚಾ’ ಎಂದು ತಡೆಯುವುದು, ಒಳಗಿನಿಂದ ಫೋನು ಬಂದ ಮೇಲೆ ಪುಸ್ತಕದಲ್ಲಿ ಬರೆದುಕೊಳ್ಳುವುದು, ಕೊರಳಿಗೆ ಹೊರಗಿನವರ ಕೆಂಪು ಬಿಲ್ಲೆ ಹಾಕುವುದು. ಇವತ್ತು ಅವನು ಅಂಗಿಯ ಜೇಬನ್ನೂ ಹೊರಗಿನಿಂದ ತಟ್ಟಿ ನೋಡಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಎನ್ನುವ ಹಾಗೆ ಸಾಬಣ್ಣ ಎದೆಗೆ ಕೈ ಒಯ್ದ. ‘ಕ್ಯಾ ಹೈ?’ ‘ಚಶ್ಮಾ ಹೈ ಭಾಯ್.’ ಕನ್ನಡಕವೇ ಎಂದು ಕಾವಲಿನವನು ನಕ್ಕು ಒಳಗೆ ಬಿಟ್ಟ. ಇಲ್ಲಿಯೇ ಚೀಟಿ ಕಸಿದುಕೊಂಡಿದ್ದರೆ, ಇದೇನು ಎಂದು ಕೂಗಾಡಿ ಗಗನನಿಗೆ ಮುಟ್ಟಿಸಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಸಾಬಣ್ಣನಿಗೆ ಅನ್ನಿಸಿತು. ಅಷ್ಟು ಪುಣ್ಯ ಅವನಿಗೆ ಇರಲಿಲ್ಲ.

ಮುಂಗೋಣೆಯಲ್ಲಿ ಕೃಪಾ ಒಬ್ಬಳೇ ಮೊಣಕಾಲೂರಿ ಕುಳಿತಿದ್ದಳು. ಹಲಗೆಯ ಮೇಲೆ ಅವಳ ಹಳಿಗಳು. ಸಾಬಣ್ಣ ಅವನ್ನು ಅಲ್ಲಿಯವರೆಗೆ ನೆಟ್ಟಗೆ ನೋಡಿಯೇ ಇರಲಿಲ್ಲ, ತನ್ನ ಸೇತುವೆಯನ್ನೇ ನೋಡಿಕೊಂಡಿದ್ದ. ಬೆಂಕಿಕಡ್ಡಿಯಷ್ಟು ದಪ್ಪದ ಮರದ ಅಡ್ಡಪಟ್ಟಿಗಳು ಸಾವಿರಾರು, ಒಂದೊಂದಕ್ಕೂ ಹಳಿಯನ್ನು ಬೆಸುಗೆ ಹಾಕಿ ಹಿಡಿಸಿದ ಸಣ್ಣ ತಗಡು, ನಡುವೆ ಜರಡಿ ಹಿಡಿದು ಹಾಕಿದ ಜಲ್ಲಿ. ಹಲಗೆಯ ತುದಿಯಲ್ಲಿ, ಸೇತುವೆಗೆ ಕೂಡುವ ಜಾಗದಲ್ಲಿ, ಒಂದು ಹಳಿ ಎರಡಾಗಿ ಕವಲೊಡೆಯುತ್ತಿತ್ತು. ಆ ಕವಲಿನ ಹಳಿಗಳನ್ನು ಅವಳು ಅರದಿಂದ ಉಜ್ಜಿ ಉಜ್ಜಿ ಹುಲ್ಲಿನೆಸಳಿನಷ್ಟು ತೆಳ್ಳಗೆ ಮಾಡಿದ್ದಳು. ಬೆರಳಿಂದ ಮುಟ್ಟಿದರೆ ಆ ಕಡೆಗೂ ಈ ಕಡೆಗೂ ಮೆತ್ತಗೆ ಸರಿಯುತ್ತಿದ್ದವು. ಇದು ಕಲಿತ ಕೈಯಲ್ಲ, ಹುಟ್ಟಿದ ಕೈ ಎಂದು ಸಾಬಣ್ಣನಿಗೆ ತಿಳಿಯಿತು. ತಿಳಿಯದೆ ಇದ್ದಿದ್ದರೆ ವಾಸಿಯಾಗಿತ್ತು.

‘ಚೀಟಿ ಸಿಕ್ಕಿತಾ ಅಂಕಲ್?’ ಎಂದಳು ಅವಳು ಏಳುತ್ತ.

‘ಸರ್ ಜೋಡಿ ಮಾತಾಡ್ತೀನವ್ವ.’

ಅವಳು ಅವನ ಮುಖ ನೋಡಿದಳು. ಆ ನೋಟದಲ್ಲಿ ಸಂಶಯ ಇರಲಿಲ್ಲ. ಇದ್ದಿದ್ದರೆ ಅವನು ಅಲ್ಲಿಯೇ ಜಗಳಕ್ಕೆ ನಿಂತು ಅರ್ಧ ಹಗುರಾಗುತ್ತಿದ್ದನೇನೋ.

ಗಗನನ ಗಾಜಿನ ಕೋಣೆಯಲ್ಲಿ ಸಾಬಣ್ಣ ಕುಳಿತುಕೊಳ್ಳಲಿಲ್ಲ. ದಾರಿಯುದ್ದಕ್ಕೂ ಮನಸ್ಸಿನಲ್ಲಿ ಹೇಳಿಕೊಂಡು ಬಂದದ್ದನ್ನು ಒಂದೇ ಉಸಿರಿಗೆ ಹೇಳಿದ.

‘ಸರ್, ತಪ್ಪು ನಂದರಿ.’

‘ಯಾವ್ದು ಮಾಸ್ಟರ್?’

‘ಅಳತಿದರಿ. ಆ ಹುಡುಗೀದು ಏನೂ ಇಲ್ಲ. ನಾನ ತಪ್ಪೀನಿ.’

ಹೇಳಿ ಆಯಿತು. ಈಗ ಬೈಗುಳ ಬರಲಿ, ಕಪಾಳಕ್ಕೇ ಬರಲಿ, ಹೋಗಲಿ ಮಾನ ಎಂದು ಅವನು ಕಾದ. ಗಗನ ಎದ್ದು ಬಂದು ಅವನ ಭುಜ ಹಿಡಿದು ಕುರ್ಚಿಯಲ್ಲಿ ಕೂರಿಸಿದ.

‘ನೀವು ಹೀಗೇ ಬಂದು ಹೇಳ್ತೀರಾ ಅಂತ ನನಗೆ ಗೊತ್ತಿತ್ತು. ಅವಳು ನಿಮ್ಮ ಮನೇಲಿ ಊಟ ಮಾಡಿದಾಳೆ, ನಿಮಗೆ ಮಗಳ ಥರ ಅನ್ನಿಸತ್ತೆ. ಆದ್ರೆ ನಾನು ನಿನ್ನೆ ಅಳೆದು ನೋಡಿದೀನಿ ಮಾಸ್ಟರ್. ಇಪ್ಪತ್ತು ಕಮಾನು, ಒಂದಕ್ಕೊಂದು ಕೂದಲೆಳೆ ವ್ಯತ್ಯಾಸ ಇಲ್ಲ. ಅಂಥ ಕೈ ತಪ್ತು ಅಂದ್ರೆ ನಾನು ನಂಬಬೇಕಾ? ದೊಡ್ಡ ಮನಸ್ಸು ನಿಮ್ದು.’

ಸಾಬಣ್ಣನಿಗೆ ನಾಚಿಕೆಯಾಗಬೇಕಿತ್ತು. ಆಯಿತು ಕೂಡ, ಆದರೆ ಅದಕ್ಕೂ ಮುಂಚೆ ಬಂದದ್ದು ಇನ್ನೊಂದು, ಬೇಸಿಗೆಯಲ್ಲಿ ಮಡಕೆಯ ನೀರು ಕುಡಿದ ಹಾಗೆ ಗಂಟಲಿನಿಂದ ಕೆಳಗೆ ತಂಪಾಗಿ ಇಳಿದದ್ದು. ಅಂಥ ಕೈ. ಮೂರು ವರ್ಷದಲ್ಲಿ ಯಾರೂ ಆಡದ ಮಾತು. ಆ ತಂಪನ್ನು ಅವನು ಗುರುತಿಸಿದ, ಗುರುತಿಸಿ ಹೇಸಿದ, ಹೇಸಿದರೂ ಅದು ನಿಲ್ಲಲಿಲ್ಲ.

‘ಹಂಗಲ್ಲರಿ ಸರ್...’

‘ಮತ್ತೆ ಹ್ಯಾಗೆ? ಹೇಳಿ.’

ಹೇಳಬೇಕಿತ್ತು. ಹೀಗೊಂದು ಸ್ಕೇಲು ಇರುತ್ತದೆ, ಕಬ್ಬಿಣಕ್ಕೆ ಹಿಡಿಯುವುದು, ನಾನು ಅದನ್ನು ಕಟ್ಟಿಗೆಗೆ ಹಿಡಿದೆ, ನಾಲ್ಕು ತಿಂಗಳು ದಿನವೂ ಹಿಡಿದೆ, ಮೂರನೆಯ ವಾರದ ಹೊಸಬನಿಗೆ ಉಸ್ತಾದ ಕಪಾಳಕ್ಕೆ ಬಾರಿಸುವ ತಪ್ಪನ್ನು ಐವತ್ತೇಳನೆಯ ವಯಸ್ಸಿನಲ್ಲಿ ಮಾಡಿದೆ. ತಪ್ಪು ನಂದು ಎನ್ನುವುದು ಸುಲಭ, ಅದರಲ್ಲಿ ಒಂದು ದೊಡ್ಡತನವಿದೆ. ಯಾವ ತಪ್ಪು ಎಂದು ಬಿಡಿಸಿ ಹೇಳುವುದರಲ್ಲಿ ಯಾವ ದೊಡ್ಡತನವೂ ಇಲ್ಲ. ಫೌಂಡ್ರಿಯ ಆ ಹನ್ನೆರಡು ಜನ ಅಲ್ಲಿಯೇ, ಗಾಜಿನ ಆಚೆ, ನಗಲು ಕಾದು ನಿಂತಿದ್ದಾರೆ ಎನ್ನಿಸಿತು. ಅವರಲ್ಲಿ ಎಂಟು ಜನ ಸತ್ತೇ ಹೋಗಿದ್ದರು.

‘ಬಿಡಿ,’ ಎಂದ ಗಗನ, ಅವನ ಮೌನವನ್ನು ತನಗೆ ತೋಚಿದ ಹಾಗೆ ಅರ್ಥ ಮಾಡಿಕೊಂಡು. ‘ಚೀಟಿ ಸಿಕ್ತಾ? ನೋಡಿ, ನನಗೇನೂ ಅವಳ ಮೇಲೆ ಹಗೆ ಇಲ್ಲ. ಅದರಲ್ಲಿ ಅಳತೆ ಸರಿಯಾಗಿದ್ರೆ ನಾನು ಬರೆದಿರೋ ಈ ಕಾಗದವನ್ನ ನಿಮ್ಮೆದುರೇ ಹರಿದು ಹಾಕ್ತೀನಿ.’

ಮೇಜಿನ ಮೇಲೆ ಕಾಗದ ಇತ್ತು, ಕೆಳಗೆ ಸಹಿ ಇನ್ನೂ ಆಗಿರಲಿಲ್ಲ. ಸಾಬಣ್ಣನ ಬಲಗೈ ಎದ್ದು ಎದೆಯ ಜೇಬಿಗೆ ಹೋಯಿತು. ಎರಡು ಬೆರಳು ಒಳಗೆ ಇಳಿದವು, ಚೀಟಿಯ ಮಡಿಕೆ ಬೆರಳಿಗೆ ತಾಗಿತು. ಕೈ ಹೊರಗೆ ಬಂದಾಗ ಅದರಲ್ಲಿ ಕನ್ನಡಕದ ಡಬ್ಬಿ ಇತ್ತು. ಅವನು ಕನ್ನಡಕ ಹಾಕಿಕೊಂಡ, ಆ ಕಾಗದವನ್ನು ಓದುವವನ ಹಾಗೆ ನೋಡಿದ.

‘ಸಿಗಲಿಲ್ರಿ,’ ಎಂದ. ‘ಮನಿಯಾಕಿ ರದ್ದಿ ಪೇಪರಿನ ಜೋಡಿ ಹಾಕ್ಯಾಳ ಕಾಣ್ತೈತಿ.’

ಗಗನ ನಿಟ್ಟುಸಿರು ಬಿಟ್ಟು ಪೆನ್ನು ತೆಗೆದುಕೊಂಡ. ಸಹಿ ಮಾಡಲು ಎಷ್ಟು ಹೊತ್ತು ಬೇಕು. ಅಷ್ಟರಲ್ಲೂ ಹೇಳಬಹುದಾಗಿತ್ತು ಎಂದು ಸಾಬಣ್ಣನಿಗೆ ಆಮೇಲೆ ಲೆಕ್ಕ ಸಿಕ್ಕಿತು.

ಇನ್ನು ಸೋಮವಾರದೊಳಗೆ ಸೇತುವೆ ಕೂಡಬೇಕಿತ್ತು. ತನ್ನ ಸೇತುವೆಯ ಒಂದೊಂದು ತುಂಡಿನಿಂದ ಅರ್ಧ ಇಂಚು ಕೊಯ್ದು ತೆಗೆಯುತ್ತೇನೆ, ಸಂಜೆಯೊಳಗೆ ಆಗುತ್ತದೆ ಎಂದು ಸಾಬಣ್ಣ ಹೇಳಿದ, ಹೆಚ್ಚು ಕಡಿಮೆ ಬೇಡಿಕೊಂಡ. ಗಗನ ಕೇಳಲಿಲ್ಲ. ‘ಅಷ್ಟು ಚೆನ್ನಾಗಿರೋದನ್ನ ಯಾಕೆ ಹಾಳು ಮಾಡ್ಬೇಕು? ನಮ್ಮ ಎಂಡಿ ನೋಡಿ ಫೋಟೋ ತೆಗೆಸಿದಾರೆ. ಹಲಗೆ ತುದೀನ ಕೊಯ್ದುಬಿಡಿ, ಹಳಿ ಸಮೇತ. ಅಲ್ಲಿರೋದು ಬರೀ ಕವಲು, ಒಂದೇ ಹಳಿ ಸಾಕು ಈ ಸಲಕ್ಕೆ.’ ಬರೀ ಕವಲು. ಕೊಯ್ಯುವಷ್ಟು ನಾಜೂಕಿನ ಕೈ ಅಲ್ಲಿ ಇನ್ನಾರಿಗೂ ಇರಲಿಲ್ಲ. ಸಾಬಣ್ಣ ನೆಲಕ್ಕೆ ಕುಳಿತು, ಸರಿಯಾದ ಪಟ್ಟಿಯಿಂದ ಎರಡೂವರೆ ಇಂಚು ಅಳೆದು, ಗೆರೆ ಎಳೆದು, ಸಣ್ಣ ಹಲ್ಲಿನ ಗರಗಸ ಇಟ್ಟ. ಕೃಪಾ ಮುಂಗೋಣೆಯ ಕಂಬದ ಪಕ್ಕ ನಿಂತಿದ್ದಳು. ಅವಳಿಗೆ ಆಗಲೇ ಹೇಳಿದ್ದರು ಎಂದು ಅವಳ ನಿಂತ ರೀತಿಯೇ ಹೇಳುತ್ತಿತ್ತು. ಹಲಗೆ ಅಲುಗದ ಹಾಗೆ ಯಾರಾದರೂ ಹಿಡಿಯಬೇಕಿತ್ತು. ಅವನು ಕರೆಯಲಿಲ್ಲ, ಅವಳೇ ಬಂದು ಎರಡೂ ಕೈಯಿಂದ ಒತ್ತಿ ಹಿಡಿದಳು. ಗರಗಸ ಹಳಿಯ ಮೇಲೆ ಹಾದಾಗ ಕಿರ್ ಎಂದು ಸದ್ದಾಯಿತು, ಅವಳು ಹಿಡಿತ ಸಡಿಲಿಸಲಿಲ್ಲ. ಹುಲ್ಲಿನೆಸಳಿನಂಥ ಆ ಎರಡು ಹಳಿ ಜಲ್ಲಿಯ ಸಮೇತ ಅವನ ತೊಡೆಯ ಮೇಲೆ ಬಿದ್ದವು. ಕೊಯ್ತ ಎಷ್ಟು ನೇರವಾಗಿ ಬಂದಿತ್ತೆಂದರೆ ಮರಳುಕಾಗದ ಹಿಡಿಯುವ ಅಗತ್ಯವೇ ಬೀಳಲಿಲ್ಲ. ಸೇತುವೆಯ ಐದನೆಯ ತುಂಡು ಇಳಿದು ಕುಳಿತಿತು. ಸುತ್ತ ನಿಂತವರು ಚಪ್ಪಾಳೆ ತಟ್ಟಿದರು. ಯಾರೋ ಇಂಜಿನ್ನಿಗೆ ವಿದ್ಯುತ್ತು ಕೊಟ್ಟರು, ರೈಲು ಇಪ್ಪತ್ತು ಕಮಾನಿನ ಮೇಲೆ ನಿಧಾನವಾಗಿ ಓಡಿತು, ಕೊಯ್ದ ಜಾಗದಲ್ಲಿ ಒಮ್ಮೆ ಕುಲುಕಿ ಮುಂದೆ ಹೋಯಿತು. ಸಾಬಣ್ಣ ಸೇತುವೆಯನ್ನು ನೋಡಿದ. ಇದಕ್ಕಿಂತ ಚೆನ್ನಾಗಿ ತಾನು ಯಾವುದನ್ನೂ ಮಾಡಿಲ್ಲ, ಇನ್ನು ಮಾಡುವುದೂ ಇಲ್ಲ ಎಂದು ಅವನಿಗೆ ಅನ್ನಿಸಿತು. ಅದನ್ನು ಕಾಲಿಂದ ಒದ್ದು ಪುಡಿ ಮಾಡಬೇಕೆಂದೂ ಅನ್ನಿಸಿತು. ಏನೂ ಮಾಡದೆ ಉಳಿಗಳನ್ನು ಎಣಿಸಿ ಚೀಲಕ್ಕೆ ಹಾಕಿಕೊಂಡ.

ನಾಲ್ಕು ಗಂಟೆಗೆ ರಸ್ತೆಯಲ್ಲಿ ಆಟೋ ಕಾಯುತ್ತ ನಿಂತಿದ್ದಾಗ ಅವಳು ಹಿಂದಿನಿಂದ ಬಂದಳು. ಕೊರಳಲ್ಲಿ ಕಂಪನಿಯ ಪಟ್ಟಿ ಇರಲಿಲ್ಲ. ಬಿಸಿಲು ಇನ್ನೂ ಚುರುಕಾಗಿತ್ತು, ಆ ಕಡೆ ಹೊಸ ಕಟ್ಟಡವೊಂದಕ್ಕೆ ಬಂಡೆ ಒಡೆಯುತ್ತಿದ್ದರು. ಅವಳು ಅತ್ತಿರಲಿಲ್ಲ, ಅಥವಾ ಅತ್ತು ಮುಖ ತೊಳೆದುಕೊಂಡಿದ್ದಳು.

‘ಗಗನ್ ಸರ್ ಹೇಳಿದ್ರು ಅಂಕಲ್. ನೀವು ನನ್ನ ತಪ್ಪನ್ನು ನಿಮ್ಮ ಮೇಲೆ ಹಾಕಿಕೊಳ್ಳಲಿಕ್ಕೆ ಹೋಗಿದ್ರಂತೆ. ಇಲ್ಲಿ ನನಗೋಸ್ಕರ ಅಷ್ಟು ಮಾಡಿದವರು ನೀವೊಬ್ಬರೇ.’

ಸಾಬಣ್ಣ ರಸ್ತೆಯ ಕಡೆ ನೋಡಿದ. ಒಂದೂ ಆಟೋ ಬರಲಿಲ್ಲ.

‘ಹಂಗೇನಿಲ್ಲವ್ವ,’ ಎಂದ. ಆ ಮಾತು ಕೂಡ ವಿನಯದ ಹಾಗೆಯೇ ಕೇಳಿಸಿತು. ಅವನು ಆಡಿದ ಯಾವ ಮಾತೂ ಇನ್ನು ಅದರ ಅರ್ಥಕ್ಕೆ ಹೋಗಿ ಮುಟ್ಟುವ ಹಾಗಿರಲಿಲ್ಲ.

‘ಒಂದು ಕೇಳ್ಲಾ? ನೀವು ದೊಡ್ಡ ಕೆಲಸಗಾರರು, ನಿಮಗೆ ಗೊತ್ತಾಗಿರ್ತದೆ. ನಾನು ತಪ್ಪಿದ್ದು ಎಲ್ಲಿ? ನಿನ್ನೆಯಿಂದ ಎಲ್ಲ ಲೆಕ್ಕ ಪುನಃ ಪುನಃ ಮಾಡಿ ನೋಡ್ತಾ ಇದ್ದೇನೆ, ನನಗೆ ಕಾಣ್ತಾ ಇಲ್ಲ. ನೀವು ಹೇಳಿದ್ರೆ ಮುಂದೆ ಎಲ್ಲಿಗೆ ಹೋದರೂ ಆ ತಪ್ಪು ಮಾಡುದಿಲ್ಲ.’

ಕೆಲಸ ಹೋದ ಮೇಲೂ ಅವಳಿಗೆ ಬೇಕಾದದ್ದು ಅದೊಂದೇ. ಇಲ್ಲಿ ಯಾರೂ ಇರಲಿಲ್ಲ, ನಗುವವರಿರಲಿಲ್ಲ, ಕಾಗದಕ್ಕೆ ಸಹಿ ಆಗಿ ಮುಗಿದಿತ್ತು. ಇವಳೊಬ್ಬಳಿಗೆ ಹೇಳಿದರೆ ಯಾವ ಹೆಸರೂ ಹಾಳಾಗುತ್ತಿರಲಿಲ್ಲ, ಇವಳ ಕೈ ಇವಳಿಗೆ ವಾಪಸು ಸಿಗುತ್ತಿತ್ತು. ಸಾಬಣ್ಣ ಬಾಯಿ ತೆರೆದ. ಬಂದ ದನಿ ಮಾತ್ರ ಫೌಂಡ್ರಿಯಲ್ಲಿ ಹೊಸಬರಿಗೆ ಕೆಲಸ ಹೇಳಿಕೊಡುವಾಗಿನ ದನಿ, ಸಮಾಧಾನದ್ದು, ಅಕ್ಕರೆಯದು. ಅದು ಎಲ್ಲಿಯೂ ನಡುಗಲಿಲ್ಲ.

‘ಅವಸರ ಮಾಡಿದ್ರವ್ವ. ಅಳತಿ ಕೆಲಸಕ್ಕ ಅವಸರ ಒಗ್ಗಂಗಿಲ್ಲ. ಒಂದು ಬರದ್ರ ಅದನ್ನ ತಿರುಗಿ ಒಮ್ಮಿ ನೋಡಬೇಕು, ಆಮ್ಯಾಲ ಮುಂದಿಂದಕ್ಕ ಹೋಗಬೇಕು.’

ಕೃಪಾ ಹಣೆ ಗಂಟಿಕ್ಕಿ ಯೋಚಿಸಿದಳು. ಆ ಭಾನುವಾರವನ್ನು, ಆ ಚಾಪೆಯನ್ನು, ಮೂರು ತಾಸುಗಳನ್ನು ಅವಳು ಮನಸ್ಸಿನಲ್ಲಿ ತಿರುವಿ ಹಾಕುತ್ತಿದ್ದದ್ದು ಅವನಿಗೆ ಕಾಣುತ್ತಿತ್ತು. ಅವಳ ಹಣೆಯ ಗಂಟು ನಿಧಾನಕ್ಕೆ ಸಡಿಲವಾಯಿತು.

‘ಹೌದು ಅಂಕಲ್,’ ಎಂದಳು. ‘ಅವತ್ತು ನಾನು ಸ್ವಲ್ಪ ಅವಸರದಲ್ಲೇ ಇದ್ದೆ.’